ಕ್ಷೌರದ ಕತ್ತಿ: ಸವೆದುಹೋಗುವ ಒಂದು ಇತಿಹಾಸಸಾಮಗ್ರಿ

ಹಳೇಬೀಡಿನ ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು ಗಂಗರಾಜನ ಮಗ ಬೊಪ್ಪದೇವನು ಕ್ರಿ.ಶ. 1133ರಲ್ಲಿ ಕಟ್ಟಿಸಿದನು. ಜಿನಬಿಂಬಗಳ ಶಿರಸ್ಸಿನ ಮೇಲೆ ಶಿಲ್ಪಿಗಳು ಕಡೆಯುವ ಕಿರುಗುರುಳುಗಳು ಕೇವಲ ಅಲಂಕಾರವಲ್ಲ. ಪರಂಪರೆಯ ಪ್ರಕಾರ ಆ ಶಿರಸ್ಸನ್ನು ಕತ್ತಿ ಮುಟ್ಟಿಲ್ಲ. ದೀಕ್ಷೆಯ ಸಮಯದಲ್ಲಿ ಜಿನನು ಪಂಚಮುಷ್ಟಿಯಿಂದ ಕೇಶವನ್ನು ತಾನೇ ಕಿತ್ತುಕೊಂಡನು. ವಿಚಿತ್ರವೆಂದರೆ, ಕತ್ತಿಯನ್ನು ಹೀಗೆ ನಿರಾಕರಿಸಿದ ಸಂಪ್ರದಾಯದ ಗ್ರಂಥಗಳಲ್ಲಿಯೇ ಕತ್ತಿಯ ಬಗ್ಗೆ ಬಹು ಖಚಿತವಾದ ಮಾಹಿತಿ ಉಳಿದಿದೆ.

ದಿಗಂಬರ ಮುನಿಯ ಇಪ್ಪತ್ತೆಂಟು ಮೂಲಗುಣಗಳಲ್ಲಿ ಕೇಶಲೋಚವೂ ಒಂದು. ಎರಡು ತಿಂಗಳಿಗೊಮ್ಮೆ ಮಾಡುವುದು ಉತ್ತಮ, ಮೂರಕ್ಕೆ ಮಧ್ಯಮ, ನಾಲ್ಕಕ್ಕೆ ಜಘನ್ಯ. ಕತ್ತಿಯನ್ನು ಇಟ್ಟುಕೊಂಡರೆ ಅದು ಪರಿಗ್ರಹ. ಕ್ಷೌರಿಕನನ್ನು ಕರೆದರೆ ಪರಾಧೀನತೆ, ಯಾಚನೆ. ಹಾಗೆಯೇ ಬಿಟ್ಟರೆ ಕೂದಲಲ್ಲಿ ಹುಟ್ಟುವ ಜೀವಿಗಳಿಗೆ ಹಿಂಸೆ. ಆದರೆ ಕ್ಷುಲ್ಲಕನಿಗೆ ಕತ್ತಿ ಅಥವಾ ಕತ್ತರಿಯ ಅನುಮತಿಯಿದೆ. ಅವನಿಗಿಂತ ಒಂದು ಮೆಟ್ಟಿಲು ಮೇಲಿರುವ ಐಲಕನಿಗೆ ಲೋಚವೇ ವಿಧಿ. ಅಂದರೆ ಇಬ್ಬರು ಉತ್ಕೃಷ್ಟ ಶ್ರಾವಕರ ನಡುವಣ ಗೆರೆಗಳಲ್ಲಿ ಒಂದನ್ನು ಎಳೆದಿರುವುದು ಕ್ಷೌರದ ಕತ್ತಿ. ಶ್ವೇತಾಂಬರರ ಕಲ್ಪಸೂತ್ರದ ಸಾಮಾಚಾರಿ ಇನ್ನೂ ವ್ಯಾವಹಾರಿಕವಾದುದು: ಕತ್ತಿಯಿಂದಾದರೆ ತಿಂಗಳಿಗೊಮ್ಮೆ, ಕತ್ತರಿಯಿಂದಾದರೆ ಪಕ್ಷಕ್ಕೊಮ್ಮೆ, ಲೋಚವಾದರೆ ಆರು ತಿಂಗಳಿಗೊಮ್ಮೆ. ಯಾವ ಉಪಕರಣ ಎಷ್ಟು ಬುಡದವರೆಗೆ ಕೂದಲನ್ನು ತೆಗೆಯುತ್ತದೆ ಎಂಬುದನ್ನು ಬಲ್ಲವರು ಮಾತ್ರ ಹೀಗೆ ಬರೆಯಬಲ್ಲರು.

ಇನ್ನು ಕತ್ತಿಯ ಚಿತ್ರ. ಬೇಲೂರಿನಲ್ಲಿ ದರ್ಪಣಸುಂದರಿಯ ಕೈಯಲ್ಲಿ ಕನ್ನಡಿಯಿದೆ; ಕ್ಷೌರಿಕನ ಕನ್ನಡಿ, ಕತ್ತಿ, ಕತ್ತರಿಗಳನ್ನು ಕಲ್ಲಿನಲ್ಲಿ ಕಾಣಬೇಕಾದರೆ ನಾಲ್ಕು ಶತಮಾನ ಮುಂದಕ್ಕೆ, ವಿಜಯನಗರದ ಸದಾಶಿವರಾಯನ ಕಾಲಕ್ಕೆ ಬರಬೇಕು. ಅಳಿಯ ರಾಮರಾಯನು ಕೊಂಡೋಜನೆಂಬ ಕ್ಷೌರಿಕನ ಸೇವೆಗೆ ಮೆಚ್ಚಿ, ನಾಡಿನ ಕ್ಷೌರಿಕರಿಗೆ ತೆರಿಗೆಯಿಂದಲೂ ಬಿಟ್ಟಿಯಿಂದಲೂ ವಿನಾಯಿತಿ ಕೊಡಿಸಿದನು. ಬಾದಾಮಿಯೂ ಸೇರಿದಂತೆ ಹಲವೆಡೆ ಇದರ ಶಾಸನಗಳಿವೆ. ಸೂರ್ಯಚಂದ್ರರು ಕಾಣಿಸಿಕೊಳ್ಳುವ ಶಾಸನಶಿಲೆಯ ಮೇಲ್ಭಾಗದಲ್ಲಿ ಇಲ್ಲಿ ವೃತ್ತಿಯ ಸಲಕರಣೆಗಳೂ ಬಂದಿವೆ. ಒಬ್ಬನ ಕೈಚಳಕದಿಂದ ಒಂದು ಸಮುದಾಯದ ಹೊರೆ ಇಳಿದ ಈ ಪ್ರಸಂಗಕ್ಕೆ ನಮ್ಮ ಇತಿಹಾಸಪುಸ್ತಕಗಳಲ್ಲಿ ಒಂದು ಅಡಿಟಿಪ್ಪಣಿಗಿಂತ ಹೆಚ್ಚಿನ ಸ್ಥಳ ಸಿಗಬೇಕಿತ್ತು.

ಗ್ರಂಥದಲ್ಲಿ ಮಾತು, ಕಲ್ಲಿನಲ್ಲಿ ಚಿತ್ರ ಉಳಿದವು. ವಸ್ತು ಮಾತ್ರ ಉಳಿಯಲಿಲ್ಲ. ಕಾರಣ ಸರಳ. ಕ್ಷೌರದ ಕತ್ತಿ ಬಳಕೆಯಿಂದಲೇ ನಾಶವಾಗುವ ವಸ್ತು. ಪ್ರತಿ ಸಲ ಸಾಣೆಕಲ್ಲಿನ ಮೇಲೆ ಮಸೆದಾಗಲೂ ಉಕ್ಕಿನ ಒಂದು ಪದರ ಹೋಗುತ್ತದೆ. ಅಲಗು ಕಿರಿದಾಗುತ್ತ ಬಂದು ಕೊನೆಗೆ ಕುಲುಮೆ ಸೇರುತ್ತದೆ. ಇಂದು ಸಂಗ್ರಾಹಕರ ಕೈಗೆ ಬರುವ ಹಳೆಯ ಮಡಿಸುಗತ್ತಿಗಳಲ್ಲಿ ಹೆಚ್ಚಿನವು ಹತ್ತೊಂಬತ್ತು, ಇಪ್ಪತ್ತನೆಯ ಶತಮಾನಗಳ ಶೆಫೀಲ್ಡ್ ಅಥವಾ ಜೋಲಿಂಗೆನ್ ತಯಾರಿಕೆಗಳು.

ಅವುಗಳನ್ನು ಪರಕೀಯವೆಂದು ತಳ್ಳಿಹಾಕುವಂತಿಲ್ಲ. ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ತಯಾರಿಸುವ ಕ್ರಮವನ್ನು ಬುಕಾನನ್ 1800–01ರ ಪ್ರವಾಸದಲ್ಲಿ ವರ್ಣಿಸಿದ್ದಾನೆ. ಯುರೋಪಿನವರು ಈ ಉಕ್ಕನ್ನು ‘ವೂಟ್ಸ್’ ಎಂದರು. ಅದು ಕನ್ನಡದ ‘ಉಕ್ಕು’ ಶಬ್ದದಿಂದಲೇ ಬಂದಿತೆಂಬ ಅಭಿಪ್ರಾಯ ಬಲವಾಗಿದೆ. ಮೈಕೆಲ್ ಫ್ಯಾರಡೆ, ಕತ್ತಿ ತಯಾರಕ ಜೇಮ್ಸ್ ಸ್ಟೋಡಾರ್ಟ್ ಜೊತೆಗೂಡಿ ಈ ಉಕ್ಕಿನ ಗುಟ್ಟನ್ನು ಹುಡುಕುತ್ತ, ಐನೂರರಲ್ಲಿ ಒಂದು ಭಾಗ ಬೆಳ್ಳಿ ಬೆರೆಸಿದ ಮಿಶ್ರಲೋಹವನ್ನು ಮಾಡಿದನು. ತನ್ನ ಪ್ರಯೋಗದ ಉಕ್ಕಿನಿಂದ ಕ್ಷೌರದ ಕತ್ತಿಗಳನ್ನು ಮಾಡಿಸಿ ಗೆಳೆಯರಿಗೆ ಕೊಟ್ಟನು. ಮುಂದೆ ಎಷ್ಟೋ ಶೆಫೀಲ್ಡ್ ಕತ್ತಿಗಳ ಮೇಲೆ ‘ಸಿಲ್ವರ್ ಸ್ಟೀಲ್’ ಎಂಬ ಮುದ್ರೆ ಬಂದದ್ದು ಈ ಕೀರ್ತಿಯಿಂದ. ಮುದ್ರೆಯಿದ್ದ ಮಾತ್ರಕ್ಕೆ ಒಳಗೆ ಬೆಳ್ಳಿಯಿದೆ ಎಂದು ನಂಬಬೇಕಾಗಿಲ್ಲ.

ಜೀರ್ಣೋದ್ಧಾರದ ಪ್ರಶ್ನೆ ಇಲ್ಲಿ ಬರುತ್ತದೆ. ಹಳೆಯ ಕತ್ತಿ ಸಿಕ್ಕೊಡನೆ ಕನ್ನಡಿಯಂತೆ ಹೊಳೆಯುವವರೆಗೆ ಉಜ್ಜುವುದು ಸಂಗ್ರಾಹಕರ ಸಾಮಾನ್ಯ ಚಟ. ಶಾಸನದ ಕಲ್ಲನ್ನು ಉಳಿಯಿಂದ ಕೆರೆದು ಶುಚಿ ಮಾಡುವುದಕ್ಕೂ ಇದಕ್ಕೂ ನಾನು ವ್ಯತ್ಯಾಸ ಕಾಣೆ. ಹಿಡಿಯ ಬಳಿಯ ಮುದ್ರೆ ಅಳಿದರೆ ಕಾಲನಿರ್ಣಯದ ಆಧಾರವೇ ಹೋಯಿತು. ದಪ್ಪ ಬೆಣೆಯಾಕಾರದ ಅಲಗು ಸಾಮಾನ್ಯವಾಗಿ ಹಳೆಯದು, ಎರಡು ಬದಿ ಕೊರೆದು ತೆಳುವಾಗಿಸಿದ್ದು ಈಚಿನದು. ಮಸೆತದ ಓರೆ ನೋಡಿ ಕತ್ತಿ ಯಾವ ಕೈಯಲ್ಲಿತ್ತೆಂದು ಊಹಿಸಬಹುದು. ಕೆಂಪು ತುಕ್ಕನ್ನು ಎಣ್ಣೆ ಹಚ್ಚಿ ಮೆಲ್ಲಗೆ ತೆಗೆಯಬೇಕು, ಕಪ್ಪು ಕಂದನ್ನು ಮುಟ್ಟಬಾರದು. ಸೆಲ್ಯುಲಾಯ್ಡ್ ಹಿಡಿಯ ಕತ್ತಿಯನ್ನು ಬೇರೆಯಾಗಿಡಬೇಕು. ಅದು ಕೊಳೆಯತೊಡಗಿದರೆ ಹೊರಡುವ ಆಮ್ಲಗಾಳಿ ಪಕ್ಕದ ಅಲಗುಗಳನ್ನೂ ತಿನ್ನುತ್ತದೆ. ದಂತದ ಹಿಡಿಯ ಕತ್ತಿಯನ್ನು ಕೊಳ್ಳಹೋಗುವವರಿಗೆ, ನಮ್ಮ ದೇಶದಲ್ಲಿ ದಂತದ ವ್ಯಾಪಾರ ನಿಷಿದ್ಧವೆಂಬುದು ತಿಳಿದಿರಲಿ.

ಆದರೆ ಶೆಫೀಲ್ಡ್ ಮುದ್ರೆಗಿಂತ ನಮಗೆ ತುರ್ತಾದುದು ಊರ ಕಮ್ಮಾರರು ಬಡಿದ, ಮುದ್ರೆಯೇ ಇಲ್ಲದ ಕತ್ತಿಗಳು. ಆಯಗಾರರಲ್ಲೊಬ್ಬನಾಗಿದ್ದ ನಾಯಿಂದನು ವರ್ಷಕ್ಕಿಷ್ಟೆಂದು ಧಾನ್ಯ ಪಡೆದು ಮನೆಮನೆಗೆ ಹೋಗುತ್ತಿದ್ದ ಕಾಲದ ವಸ್ತುಗಳವು. ಎಚ್‌ಐವಿ ಭೀತಿಯ ನಂತರ ಬದಲಾಯಿಸುವ ಬ್ಲೇಡುಗಳು ಬಂದು ಅವು ಮೂಲೆ ಸೇರಿದವು, ಗುಜರಿಗೆ ಹೋದವು. ಅರಸೀಕೆರೆ, ಬೇಲೂರು ಸೀಮೆಯಲ್ಲಿ ಕ್ಷೇತ್ರಕಾರ್ಯ ಮಾಡುವ ಸಂಶೋಧನ ವಿದ್ಯಾರ್ಥಿಗಳು ಬಸದಿಗಳ ಅಳತೆ ತೆಗೆದ ಮೇಲೆ, ಸವಿತಾ ಸಮಾಜದ ಹಿರಿಯರ ಮನೆಗೂ ಹೋಗಿ ಹಡಪವನ್ನು ಬಿಚ್ಚಿ ತೋರಿಸುವಂತೆ ವಿನಯದಿಂದ ಕೇಳಬೇಕು. ಕತ್ತಿಯ ಅಳತೆಯ ಜೊತೆಗೆ ಅದು ಎಷ್ಟು ಮನೆಗಳ ಕತ್ತಿ, ಯಾರು ಬಡಿದದ್ದು, ಸಾಣೆಕಲ್ಲು ಎಲ್ಲಿಯದು, ಆಯವೆಂದು ಯಾವ ಧಾನ್ಯ ಎಷ್ಟು ಬರುತ್ತಿತ್ತು ಎಂಬುದನ್ನು ಅವರ ಮಾತಿನಲ್ಲಿಯೇ ಬರೆದುಕೊಳ್ಳಬೇಕು. ಕತ್ತಿಯನ್ನು ಅವರ ಬಳಿಯೇ ಬಿಟ್ಟುಬರಬಹುದು.