ಹೆಣ್ಣುಮಕ್ಕಳಿಂದ ಉಳಿದ ಮನೆತನ

1152ರಲ್ಲಿ ಇಂಗ್ಲೆಂಡಿನ ಸ್ಟೀಫನ್ ದೊರೆ ನ್ಯೂಬರಿ ಕೋಟೆಯನ್ನು ಮುತ್ತಿದ. ಕೋಟೆಯ ಒಡೆಯ ಜಾನ್ ಮಾರ್ಷಲ್ ತನ್ನ ಐದಾರು ವರ್ಷದ ಮಗ ವಿಲಿಯಂನನ್ನು ಒತ್ತೆಯಿಟ್ಟು, ಕೊಟ್ಟ ಮಾತಿಗೆ ತಪ್ಪಿದ. ಮಗುವನ್ನು ಗಲ್ಲಿಗೇರಿಸುವೆವೆಂದಾಗ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಪಡೆಯಬಲ್ಲೆನೆಂದು ಹೇಳಿಕಳುಹಿಸಿದನಂತೆ! ದೊರೆಯ ಮನಸ್ಸು ಕರಗಿ ಮಗು ಬದುಕಿತು.

ಕಿರಿಯ ಮಗನಾದ ವಿಲಿಯಂನಿಗೆ ಕುದುರೆ, ಕತ್ತಿಗಳೇ ಬಂಡವಾಳವಾದವು. 1189ರಲ್ಲಿ ಐರ್ಲೆಂಡಿನ ಲೆನ್‌ಸ್ಟರ್ ಅರಸನ ಮೊಮ್ಮಗಳು ಇಸಬೆಲ್ ಡಿ ಕ್ಲೇರಳನ್ನು ಮದುವೆಯಾದಾಗ ಭೂಮಿಕಾಣಿ ಕೈಸೇರಿತು. 1199ರಲ್ಲಿ ಪೆಂಬ್ರೋಕಿನ ಅರ್ಲ್ ಪದವಿಯೂ ಬಂತು. 1216ರಲ್ಲಿ ಒಂಬತ್ತು ವರ್ಷದ ಮೂರನೆಯ ಹೆನ್ರಿ ಪಟ್ಟವೇರಿದಾಗ ರಾಜ್ಯದ ಹೊಣೆ ಹೊತ್ತವನು ಈ ವೃದ್ಧನೇ. ಮ್ಯಾಗ್ನಾ ಕಾರ್ಟಾವನ್ನು ತಿದ್ದಿ ಮತ್ತೆ ಹೊರಡಿಸಿದ. 1217ರಲ್ಲಿ ಲಿಂಕನ್ ಕಾಳಗವನ್ನು ಗೆದ್ದ. ತಂದೆ ಬೇಡವೆಂದ ಮಗು ದೊರೆಮಗುವಿನ ರಾಜ್ಯವನ್ನು ಕಾಯಿತು. 1219ರಲ್ಲಿ ತೀರಿಕೊಂಡ.

ಅವನಿಗೆ ಗಂಡುಮಕ್ಕಳು ಐವರು, ಹೆಣ್ಣುಮಕ್ಕಳು ಐವರು. ಗಂಡುಮಕ್ಕಳು ಒಬ್ಬರಾದ ಮೇಲೊಬ್ಬರು ವಾರಸುದಾರರಾಗಿ, ಔರಸ ಸಂತಾನವಿಲ್ಲದೆ 1245ರೊಳಗೆ ಕಣ್ಮುಚ್ಚಿದರು. ಆಸ್ತಿ ಹೆಣ್ಣುಮಕ್ಕಳ ಮನೆಗಳಿಗೆ ಐದು ಪಾಲಾಯಿತು. ಇದು ನಮ್ಮ ಕಡೆಯ ಅಳಿಯಸಂತಾನದಂಥ ಕಟ್ಟಲೆಯಲ್ಲ. ಗಂಡು ಸಂತತಿ ಇಲ್ಲದಾಗ ಮಾತ್ರ ಹೆಣ್ಣಿಗೆ ದೊರೆಯುತ್ತಿದ್ದ ಹಕ್ಕು.

ವಾರಸುದಾರರ ಕಾಲಂ ತುಂಬುವಾಗ, "ಹೆಣ್ಣುಮಕ್ಕಳು ಕೊಟ್ಟ ಮನೆಯವರಲ್ಲವೇ, ಅವರ ಹೆಸರು ಯಾಕೆ?" ಎನ್ನುವ ಹಿರಿಯರನ್ನು ಬ್ಯಾಂಕಿನ ಮೇಜಿನ ಆಚೆ ನಾನು ಬಹಳ ಕಂಡಿದ್ದೇನೆ. ಅಂಥವರಿಗೆ ಈ ಕಥೆ ಹೇಳಬೇಕೆನಿಸುತ್ತದೆ. ಮಾರ್ಷಲ್‌ನ ಮಗಳು ಇಸಬೆಲ್‌ಳ ಮರಿಮಗ ರಾಬರ್ಟ್ ಬ್ರೂಸ್ 1306ರಲ್ಲಿ ಸ್ಕಾಟ್ಲೆಂಡಿನ ದೊರೆಯಾದ. ಗಂಡುಮಕ್ಕಳೊಂದಿಗೆ ಹೆಸರು ಅಳಿಯಿತು. ಹೆಣ್ಣುಮಕ್ಕಳಿಂದ ವಂಶ ಬೆಳೆಯಿತು.