ಯಾರೊಡನೆಯೂ ಬೆರೆಯದ ಅನಿಲಗಳು

ಅಂಕೋಲಾ ತಾಲ್ಲೂಕಿನ ಅಗಸೂರಿನಲ್ಲಿ ಕಟ್ಟಿಗೆ ಒಲೆ ಉರಿದರೆ ಗಾಳಿಯಲ್ಲಿನ ಆಮ್ಲಜನಕ ಖರ್ಚಾಗುತ್ತದೆ. ಗದ್ದೆಯಲ್ಲಿ ಶೇಂಗಾ ಬೆಳೆದರೆ ಅದರ ಬೇರುಗಂಟುಗಳಲ್ಲಿ ಸಾರಜನಕ ಸೇರಿಕೊಳ್ಳುತ್ತದೆ. ಆದರೆ ಅದೇ ಗಾಳಿಯಲ್ಲಿ ಶೇಕಡ 0.93ರಷ್ಟಿರುವ ಆರ್ಗಾನ್ ಒಲೆಗೂ ಬೇಡ, ಬೇರಿಗೂ ಬೇಡ. ಉಸಿರಿನೊಡನೆ ಒಳಹೋಗಿ ಹಾಗೆಯೇ ಹೊರಬರುತ್ತದೆ. ಹೀಲಿಯಂ, ನಿಯಾನ್, ಕ್ರಿಪ್ಟಾನ್, ಕ್ಸೆನಾನ್‌ಗಳದೂ ಇದೇ ಕುಲ. ರೂಢಿಯಲ್ಲಿ ಇವು ಜಡಾನಿಲಗಳು. ಯಾವುದರೊಡನೆಯೂ ನಂಟು ಬೆಳೆಸದ ಈ ಅನಿಲಗಳಿಗೆ ಕರ್ನಾಟಕದೊಡನೆ ಹಳೆಯ ನಂಟಿದೆ ಎಂಬುದು ಕುತೂಹಲದ ಸಂಗತಿ.

1868ರ ಆಗಸ್ಟ್ 18ರಂದು ಖಗ್ರಾಸ ಸೂರ್ಯಗ್ರಹಣ. ಅದನ್ನು ನೋಡಲು ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಬೀಡುಬಿಟ್ಟಿದ್ದರು. ಸೂರ್ಯನ ಅಂಚಿನ ಜ್ವಾಲೆಗಳ ಬೆಳಕನ್ನು ರೋಹಿತದರ್ಶಕದಲ್ಲಿ ನೋಡಿದಾಗ ಕಿತ್ತಳೆ ಬಣ್ಣದ ಗೆರೆಯೊಂದು ಕಂಡಿತು. ಅದು ಸೋಡಿಯಂನ ಗೆರೆಯೆಂದೇ ಅವರು ಎಣಿಸಿದರು. ಅದೇ ವರ್ಷ ಇಂಗ್ಲೆಂಡಿನಲ್ಲಿ ನಾರ್ಮನ್ ಲಾಕಿಯರ್, ಅದು ಸೋಡಿಯಂನದಲ್ಲ ಎಂದು ಗುರುತಿಸಿದರು. ಆ ಅಪರಿಚಿತ ವಸ್ತುವೇ ಹೀಲಿಯಂ.

ಭೂಮಿಯ ಮೇಲೆ ಅದನ್ನು 1895ರಲ್ಲಿ ಪತ್ತೆ ಮಾಡಿದವರು ವಿಲಿಯಂ ರಾಮ್ಸೇ. ಹಿಂದಿನ ವರ್ಷವಷ್ಟೇ ಅವರೂ ಲಾರ್ಡ್ ರ‍್ಯಾಲೇ ಅವರೂ ಆರ್ಗಾನನ್ನು ಕಂಡುಹಿಡಿದಿದ್ದರು. ಗ್ರೀಕ್ ಭಾಷೆಯಲ್ಲಿ ಆ ಹೆಸರಿನ ಅರ್ಥ 'ಸೋಮಾರಿ'. 1898ರಲ್ಲಿ ರಾಮ್ಸೇ ಮತ್ತು ಅವರ ಸಹಾಯಕ ಮಾರಿಸ್ ಟ್ರಾವರ್ಸ್ ದ್ರವಗಾಳಿಯನ್ನು ಕುದಿಸಿ ಕ್ರಿಪ್ಟಾನ್, ನಿಯಾನ್, ಕ್ಸೆನಾನ್‌ಗಳನ್ನು ಒಂದೊಂದಾಗಿ ಬೇರ್ಪಡಿಸಿದರು.

ಟಾಟಾ ಅವರ ವಿಜ್ಞಾನ ಸಂಸ್ಥೆ ಎಲ್ಲಿರಬೇಕೆಂಬ ಪ್ರಶ್ನೆ ಬಂದಾಗ ದೇಶ ಸುತ್ತಿ ನೋಡಿ ಬೆಂಗಳೂರನ್ನು ಸೂಚಿಸಿದವರು ಇದೇ ರಾಮ್ಸೇ. 1906ರಲ್ಲಿ ಅದರ ಮೊದಲ ನಿರ್ದೇಶಕರಾಗಿ ನೇಮಕಗೊಂಡವರು ಟ್ರಾವರ್ಸ್. ಇಂದಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಟ್ಟಡ, ಪ್ರಯೋಗಾಲಯಗಳು ಮೇಲೆದ್ದದ್ದು ಅವರ ಕಾಲದಲ್ಲಿಯೇ. 1914ರಲ್ಲಿ ಅವರು ಸ್ವದೇಶಕ್ಕೆ ಮರಳಿದರು.

ಈ ಅನಿಲಗಳೇಕೆ ಬೆರೆಯುವುದಿಲ್ಲ? ಇದಕ್ಕೆ ಸ್ಪಷ್ಟ ಉತ್ತರ ದೊರೆತದ್ದು 1916ರಲ್ಲಿ, ಗಿಲ್ಬರ್ಟ್ ಲೂಯಿಸ್ ಮತ್ತು ವಾಲ್ಟರ್ ಕಾಸೆಲ್ ಅವರಿಂದ. ಪರಮಾಣುಗಳು ಕೂಡುವುದು ಹೊರಕವಚದ ಎಲೆಕ್ಟ್ರಾನುಗಳನ್ನು ಕೊಟ್ಟು, ಪಡೆದು ಅಥವಾ ಹಂಚಿಕೊಂಡು. ಹೀಲಿಯಂಗೆ ಎರಡು, ಉಳಿದವಕ್ಕೆ ಎಂಟು ಎಲೆಕ್ಟ್ರಾನುಗಳಿಂದ ಆ ಕವಚ ಮೊದಲೇ ತುಂಬಿರುತ್ತದೆ. ಪಡೆಯಲು ಜಾಗವಿಲ್ಲ, ಕೊಡೋಣವೆಂದರೆ ಪರಮಾಣುಬೀಜದ ಹಿಡಿತ ಬಿಗಿ. ತುಂಬಿದ ಮನೆಗೆ ಸಾಲವೂ ಬೇಡ, ನೆಂಟಸ್ತಿಕೆಯೂ ಬೇಡ.

ಈ ವಿವರಣೆ ಎಷ್ಟು ಗಟ್ಟಿಯಾಗಿ ಬೇರೂರಿತೆಂದರೆ, ಹೆಚ್ಚಿನ ರಸಾಯನಶಾಸ್ತ್ರಜ್ಞರು ಪ್ರಯತ್ನಿಸುವುದನ್ನೇ ಬಿಟ್ಟರು. ಆದರೆ ಕ್ಸೆನಾನ್ ದೊಡ್ಡ ಪರಮಾಣು. ಅದರ ಹೊರಗಿನ ಎಲೆಕ್ಟ್ರಾನುಗಳು ಬೀಜದಿಂದ ದೂರವಿರುವುದರಿಂದ ಹಿಡಿತ ಸಡಿಲ. ಪ್ಲಾಟಿನಂ ಹೆಕ್ಸಾಫ್ಲೋರೈಡ್ ಎಂಬ ವಸ್ತು ಆಮ್ಲಜನಕದಿಂದಲೇ ಎಲೆಕ್ಟ್ರಾನನ್ನು ಕಸಿಯುವುದನ್ನು ಕೆನಡಾದಲ್ಲಿದ್ದ ನೀಲ್ ಬಾರ್ಟ್‌ಲೆಟ್ ಕಂಡಿದ್ದರು. ಆಮ್ಲಜನಕದಿಂದ ಕಸಿಯಲು ಬೇಕಾದಷ್ಟೇ ಶಕ್ತಿ ಕ್ಸೆನಾನ್‌ಗೂ ಸಾಕು ಎಂಬ ಲೆಕ್ಕ ಅವರಿಗೆ ಹೊಳೆಯಿತು. 1962ರಲ್ಲಿ ಎರಡನ್ನೂ ಬೆರೆಸಿದರು. ಕಿತ್ತಳೆ-ಹಳದಿ ಬಣ್ಣದ ಘನವಸ್ತು ಕೂಡಲೇ ರೂಪುಗೊಂಡಿತು.

'ಜಡ' ಎಂಬ ವಿಶೇಷಣ ಅಂದೇ ಸಡಿಲವಾಗಿ, 'ಶ್ರೇಷ್ಠಾನಿಲ' ಎಂಬ ಹೆಸರು ನಿಂತಿತು. ಕ್ಸೆನಾನನ್ನು ಲೋಕಕ್ಕೆ ಪರಿಚಯಿಸಿ, ಬೆಂಗಳೂರಿನಲ್ಲಿ ವಿಜ್ಞಾನದ ಮನೆ ಕಟ್ಟಿದ ಟ್ರಾವರ್ಸ್‌ಗೆ ಮಾತ್ರ ಈ ಸುದ್ದಿ ತಿಳಿಯಲಿಲ್ಲ. ಅವರು ತೀರಿಕೊಂಡದ್ದು 1961ರಲ್ಲಿ.