ಗಂಗರ ಬಡಗಣ ಬಾಗಿಲು

ತುಮಕೂರಿನಿಂದ ಕುಣಿಗಲ್ ಹಾದಿ ಹಿಡಿದು, ಮರಳೂರು ದಾಟಿ ಗೂಳೂರಿಗೆ ಬಂದರೆ ಹತ್ತಿರದಲ್ಲೇ ಕೈದಾಳ. ಜನ ಅಲ್ಲಿಗೆ ಹೋಗುವುದು ಚೆನ್ನಕೇಶವನ ದರ್ಶನಕ್ಕೆ, ಜಕಣಾಚಾರಿಗೆ ಕೈ ಮರಳಿ ಬಂದ ಕಥೆ ಕೇಳುವುದಕ್ಕೆ. ಆ ಗುಡಿ ಎದ್ದದ್ದು 1150ರ ಸುಮಾರಿಗೆ, ಹೊಯ್ಸಳ ನರಸಿಂಹನ ಕಾಲದಲ್ಲಿ. ಅದಕ್ಕೂ ಮುನ್ನೂರು ವರ್ಷ ಹಿಂದೆ ಈ ಸೀಮೆ ತಲಕಾಡಿನ ಗಂಗರ ಬಡಗಣ ಬಾಗಿಲಾಗಿತ್ತು. ಬಡಗಿನಿಂದ ಬಂದ ದಂಡು ಮೊದಲು ತಟ್ಟುತ್ತಿದ್ದದ್ದು ಇದನ್ನೇ.

ಗಂಗರಲ್ಲಿ ದೀರ್ಘಕಾಲ ಆಳಿದವನು ಶ್ರೀಪುರುಷ. 726ರಲ್ಲಿ ಪಟ್ಟವೇರಿ ಅರವತ್ತು ವರ್ಷಕ್ಕೂ ಮಿಕ್ಕಿ ಗಂಗವಾಡಿಯನ್ನಾಳಿದ. ಕಂಚಿಯ ಪಲ್ಲವರನ್ನು ಗೆದ್ದು ಅವರ ಪೆರ್ಮಾನಡಿ ಬಿರುದನ್ನೇ ಕಸಿದುಕೊಂಡ. ಬಿಡುವಿನಲ್ಲಿ ಆನೆಗಳ ಮೇಲೆ ಗಜಶಾಸ್ತ್ರ ಬರೆದ. ಇಂದಿನ ನೆಲಮಂಗಲ ತಾಲ್ಲೂಕಿನ ಮಣ್ಣೆ, ಅಂದರೆ ಆಗಿನ ಮಾನ್ಯಪುರ, ಅವನ ನೆಲೆವೀಡು. ಆ ಬೀಡಿಗೇ 768ರಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣ ದಂಡೆತ್ತಿ ಬಂದ. ತಾಳೆಗಾಂವದ ತಾಮ್ರಶಾಸನವನ್ನು ಹೊರಡಿಸಿದ್ದು ಮಣ್ಣೆಯಲ್ಲಿ ಹೂಡಿದ ಪಾಳೆಯದಿಂದಲೇ. ತುಮಕೂರು ತಾಲ್ಲೂಕಿನ ಹಿರೇಗುಂಡಗಲ್ಲಿನ ವೀರಗಲ್ಲುಗಳು ಆ ಕಾಳಗದಲ್ಲಿ ಮಡಿದವರ ನೆನಪು. ಮುದಿ ದೊರೆ ಸೋತರೂ ಪಟ್ಟ ಉಳಿಸಿಕೊಂಡ.

ಮಗ ಶಿವಮಾರನಿಗೆ ಆ ಅದೃಷ್ಟವಿರಲಿಲ್ಲ. ತಮ್ಮ ದುಗ್ಗಮಾರ ಸಿಂಹಾಸನಕ್ಕೆ ಕೈಹಾಕಿದಾಗ, ನೊಳಂಬ ಸಿಂಗಪೋತನ ನೆರವಿನಿಂದ ಅವನನ್ನು ಹತ್ತಿಕ್ಕಿದ. ಅಷ್ಟರಲ್ಲಿ ರಾಷ್ಟ್ರಕೂಟ ಧ್ರುವ ಬಂದು ಶಿವಮಾರನನ್ನೇ ಸೆರೆಹಿಡಿದು, ತನ್ನ ಮಗ ಕಂಬನನ್ನು ಗಂಗವಾಡಿಯ ಮೇಲೆ ಕೂರಿಸಿದ. ಧ್ರುವನ ನಂತರ ಮೂರನೆಯ ಗೋವಿಂದ ಕರುಣೆಯಿಂದ ಬಿಡಿಸಿದರೆ, ಶಿವಮಾರ ಹೋಗಿ ಸೇರಿದ್ದು ಗೋವಿಂದನ ವಿರುದ್ಧ ದಂಗೆಯೆದ್ದ ಅದೇ ಕಂಬನನ್ನು! ಮತ್ತೆ ಸೆರೆ. ರಾಜಕಾರಣದಲ್ಲಿ ಇಷ್ಟು ಎಡವಿದವನು ಕಾವ್ಯದಲ್ಲಿ ಎಡವಲಿಲ್ಲ. ಅವನ ಗಜಾಷ್ಟಕ ನಮಗೆ ಉಳಿದಿಲ್ಲ. ಆದರೆ ಅದು ಒನಕೆವಾಡಾಗಿ ಹೆಣ್ಣುಮಕ್ಕಳ ನಾಲಿಗೆಯ ಮೇಲೆ ನಲಿಯಿತೆಂದು ಮುಂದಿನ ಶತಮಾನಗಳ ಶಾಸನ ಹೇಳುತ್ತದೆ. ಭತ್ತ ಕುಟ್ಟುವವರ ಬಾಯಿಗೆ ಬಿದ್ದ ಅರಸುಕವಿಗಳು ಎಷ್ಟು ಮಂದಿ?

ದೊರೆಯಿಲ್ಲದ ನಾಡನ್ನು ರಾಷ್ಟ್ರಕೂಟರ ಪರವಾಗಿ ಚಾಕಿರಾಜ ಆಳಿದ. ಗುಬ್ಬಿ ತಾಲ್ಲೂಕಿನ ಕಡಬದಲ್ಲಿ ಸಿಕ್ಕ ಶಕ 735ರ ತಾಮ್ರಪಟದಲ್ಲಿ ಅವನ ಹೆಸರಿದೆ. ಅವನ ಸೋದರಳಿಯ ವಿಮಲಾದಿತ್ಯ ಕುನುಂಗಿಲ್ ನಾಡಿನ, ಅಂದರೆ ಕುಣಿಗಲಿನ ಅಧಿಪತಿ. ಅವನಿಗೆ ಹಿಡಿದ ಶನಿಕಾಟವನ್ನು ಅರ್ಕಕೀರ್ತಿ ಮುನಿಗಳು ಬಿಡಿಸಿದರೆಂದು ಗೋವಿಂದ ಚಕ್ರವರ್ತಿ ಒಂದು ಊರನ್ನೇ ದತ್ತಿ ಕೊಟ್ಟ.

ಕೊನೆಗೆ ಗೋವಿಂದನೇ ಶಿವಮಾರನಿಗೆ ಮರಳಿ ಪಟ್ಟ ಕಟ್ಟಿದ. ಅವನ ತರುವಾಯ ತಮ್ಮ ವಿಜಯಾದಿತ್ಯನ ಕವಲಿಗೆ ಗದ್ದುಗೆ ಬಂತು. ಆ ಕವಲಿನ ರಾಚಮಲ್ಲ, ವರಾಹನು ಭೂಮಿಯನ್ನೆತ್ತಿದಂತೆ ನಾಡನ್ನು ರಾಷ್ಟ್ರಕೂಟರಿಂದ ಬಿಡಿಸಿದನೆಂಬ ಹೊಗಳಿಕೆ ಪಡೆದ. ಅಮೋಘವರ್ಷ ನೃಪತುಂಗ ಸುಮ್ಮನಿರಲಿಲ್ಲ. ಗಂಗವಾಡಿಯೆಂಬ ಕಾಡನ್ನು ಬೇರುಸಹಿತ ಕೀಳೆಂದು ದಂಡನಾಯಕ ಬಂಕೇಶನನ್ನು ಅಟ್ಟಿದ. ಕೊಣ್ಣೂರು ಶಾಸನದ ಪ್ರಕಾರ ಬಂಕೇಶ ಮೊದಲು ಹಿಡಿದದ್ದು ಕೇದಾಳ ಕೋಟೆ. ಇತಿಹಾಸಕಾರರು ಗುರುತಿಸಿರುವುದು ನಮ್ಮ ಈ ಕೈದಾಳವನ್ನೇ. ಅಲ್ಲಿಂದ ತಲಕಾಡಿನ ಒಡೆಯನನ್ನು ಅಟ್ಟಿಸಿಕೊಂಡು ಕಾವೇರಿಯನ್ನೂ ದಾಟಿದ. ಆಗ ರಾಜಧಾನಿಯಲ್ಲಿ ಒಳಜಗಳವೆದ್ದು ನೃಪತುಂಗ ಅವನನ್ನು ವಾಪಸು ಕರೆಸಿಕೊಂಡ.

ಖಡ್ಗ ಮುಗಿಸಲಾರದ ಜಗಳವನ್ನು ಒಂದು ಮದುವೆ ಮುಗಿಸಿತು. ನೃಪತುಂಗ ತನ್ನ ಮಗಳು ಚಂದ್ರೊಬ್ಬಲಬ್ಬೆಯನ್ನು ಗಂಗರ ಬೂತುಗನಿಗೆ ಧಾರೆಯೆರೆದ. ಅಲ್ಲಿಂದ ಮುಂದೆ ಗಂಗರು ರಾಷ್ಟ್ರಕೂಟರ ಬೀಗರು. ಎರಡನೆಯ ಬೂತುಗನೂ ಆ ಮನೆಯ ಹೆಣ್ಣು ರೇವಕನಿಮ್ಮಡಿಯನ್ನು ತಂದ. 949ರಲ್ಲಿ ತಕ್ಕೋಲದಲ್ಲಿ ಮೂರನೆಯ ಕೃಷ್ಣನಿಗಾಗಿ ಚೋಳ ರಾಜಾದಿತ್ಯನನ್ನು ಕೊಂದ.

ಅವನ ಮಗ ಮಾರಸಿಂಹ, ಮುಳುಗುತ್ತಿದ್ದ ರಾಷ್ಟ್ರಕೂಟ ಸಾಮ್ರಾಜ್ಯವನ್ನು ಎತ್ತಿಹಿಡಿಯಲು ಕಡೆಯವರೆಗೂ ಹೆಣಗಿದ. ಆಗದೆ ಹೋದಾಗ ರಾಜ್ಯ ತೊರೆದು 974ರಲ್ಲಿ ಅಜಿತಸೇನ ಗುರುಗಳ ಸನ್ನಿಧಿಯಲ್ಲಿ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಅದು ನಡೆದದ್ದು ಬಂಕಾಪುರದಲ್ಲಿ, ಕೈದಾಳದ ಕೋಟೆ ಮುರಿದ ಬಂಕೇಶ ತನ್ನ ಹೆಸರಿಟ್ಟ ಊರಿನಲ್ಲಿ.